ಮೊಟ್ಟೆ ತೊಳೆಸಿದ ಡಾಕ್ಟ್ರು

ಡಾಕ್ಟ್ರು ಹೋದರು ಎಂದು ಸಂತೆಕಟ್ಟೆಯ ನನ್ನ ನರ್ಸರಿಗೆ ಬಂದು ತಿಳಿಸಿದವರು ಅವರ ಹಳೆಯ ಶಿಷ್ಯರೊಬ್ಬರು. ತಿಳಿಸಿ, ಅರ್ಧ ನಿಮಿಷ ತಲೆ ತಗ್ಗಿಸಿ ನಿಂತು, ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. ಡಾಕ್ಟ್ರ ನೆನಪಿಗೆ ಪುಸ್ತಕ ತರುತ್ತಾರಂತೆ.

"ನೀವು ಅವರ ಜೊತೆ ಮೂರು ವರ್ಷ ಇದ್ದವರು ಅಲ್ವಾ? ನಾಲ್ಕು ಒಳ್ಳೆಯ ಮಾತು ಬರೆದು ಕೊಡಿ."

"ನಾಲ್ಕು ಸಿಗಲಿಕ್ಕಿಲ್ಲ" ಎಂದೆ.

ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನನ್ನ ಕಸುಬಲ್ಲ. ಆದರೆ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೈ ಕೊಡವಿದ ಅಭ್ಯಾಸವೂ ನನಗಿಲ್ಲ. ಕೇಳಿದ್ದಾರೆ, ಬರೆದಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಮಣಿಪಾಲದಲ್ಲಿ ಡಾಕ್ಟ್ರು ಎಂದರೆ ಜನ ಮೊದಲು ಕುತ್ತಿಗೆಯಲ್ಲಿ ಸ್ಟೆತಸ್ಕೋಪು ಹುಡುಕುತ್ತಾರೆ. ಇವರು ಹುಳಗಳ ಡಾಕ್ಟ್ರು. ಅದರಲ್ಲೂ ಗಿಡ ತಿಂದು ಬದುಕುವ ಹುಳಗಳ ಹೊಟ್ಟೆಯ ಡಾಕ್ಟ್ರು. ಆ ಹೊಟ್ಟೆಗಳಲ್ಲಿ ಯಾವ ಬ್ಯಾಕ್ಟೀರಿಯಾ ಉಂಟು, ಅದು ಅಲ್ಲಿಗೆ ಹೇಗೆ ಬಂತು, ಎಷ್ಟು ಕಾಲದಿಂದ ಉಂಟು ಎಂದು ನೋಡುವುದು ಅವರ ಕೆಲಸ. ಸಂಶೋಧನೆಗೆ ಒಂದು ಸ್ಕೀಮು ಇತ್ತು, ಎರಡು ಬಾಡಿಗೆ ಕೋಣೆ ಇತ್ತು. ಅದರಲ್ಲಿ ಅವರು, ಟೈಪಿಸ್ಟ್ ಸಿಸಿಲಿ ಬಾಯಿ, ಮತ್ತೆ ಅಟೆಂಡರ್ ಆಗಿ ನಾನು. ತುರ್ತು ಪರಿಸ್ಥಿತಿ ಮುಗಿದ ವರ್ಷ ನಾನು ಸೇರಿದ್ದು. ಅದಕ್ಕೆ ಮೊದಲು ಕಾರ್ಕಳದ ಕಲ್ಲಿನ ಕ್ವಾರಿಯಲ್ಲಿ ಹತ್ತು ವರ್ಷ ದುಡಿದಿದ್ದೆ. ಎದೆಗೆ ಧೂಳು ಹಿಡಿಯಲು ಶುರುವಾದದ್ದರಿಂದ ಬಿಟ್ಟೆ. ಇಲ್ಲದಿದ್ದರೆ ಇವರ ಕೈಕೆಳಗೆ ಹೋಗುವ ಗ್ರಹಚಾರ ನನಗೆ ಬರುತ್ತಿರಲಿಲ್ಲ.

ಹೊಟ್ಟೆಯ ಡಾಕ್ಟ್ರು ಎಂಬ ಹೆಸರು ಎಲ್ಲಿಯವರೆಗೆ ಹೋಗಿತ್ತೆಂದರೆ, ಒಂದು ದಿನ ಶಿರ್ವದಿಂದ ಒಬ್ಬರು ಮುದುಕಿ ಬಸ್ಸು ಹಿಡಿದು ಬಂದು ನಮ್ಮ ಬೆಂಚಿನಲ್ಲಿ ಕೂತಿದ್ದರು.

"ಎಂತ?" ಎಂದರು ಡಾಕ್ಟ್ರು.

"ಹೊಟ್ಟೆಯಲ್ಲಿ ಉರಿ ಡಾಕ್ಟ್ರೇ. ಎಂಟು ದಿನ ಆಯ್ತು."

"ನಿಮಗೆ ಆರು ಕಾಲು ಉಂಟಾ?"

ಮುದುಕಿ ಗಾಬರಿಯಿಂದ ತನ್ನ ಕಾಲು ನೋಡಿಕೊಂಡರು. "ಇಲ್ಲ."

"ಹಾಗಾದರೆ ನನ್ನ ಹತ್ತಿರ ಬರಬೇಡಿ."

ಅಷ್ಟು ಹೇಳಿ ಒಳಗೆ ಹೋದರು. ಸಿಸಿಲಿ ಬಾಯಿಯೂ ಶಿರ್ವದವರೇ. ಟೈಪ್ ರೈಟರ್ ಮುಚ್ಚಿ, ಮುದುಕಿಯ ಕೈ ಹಿಡಿದು ಸರಿಯಾದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅದಕ್ಕೆ ಡಾಕ್ಟ್ರು ಅವರ ಅರ್ಧ ದಿನದ ರಜೆ ಕಡಿದರು. ಈ ಆರು ಕಾಲಿನ ಕಥೆಯನ್ನು ಅವರ ಶಿಷ್ಯರು ಈಗಲೂ ನಗುತ್ತಾ ಹೇಳುವುದುಂಟು. ಆ ಮುದುಕಿಯ ಮುಖವನ್ನು ನೋಡಿದವನು ನಾನು.

ಮೊದಲ ವರ್ಷ ಕುರುವಾಯಿ ಹುಳದ ಕೆಲಸ. ತೆಂಗಿನ ಸುಳಿಗೆ ತೂತು ಹೊಡೆಯುವ ಕೊಂಬಿನ ದುಂಬಿ, ಅದರ ಮರಿ ಬೆಳೆಯುವುದು ಗೊಬ್ಬರದ ಗುಂಡಿಯಲ್ಲಿ. ಕಾಪುವಿನ ತೋಟಗಳಲ್ಲಿ ಸೊಂಟದವರೆಗೆ ಗೊಬ್ಬರದಲ್ಲಿ ಇಳಿದು ನಾನು ಹೆಬ್ಬೆರಳು ಗಾತ್ರದ ಬಿಳಿ ಹುಳಗಳನ್ನು ಹೆಕ್ಕುವುದು. ಡಾಕ್ಟ್ರು ದೂರದ ಬದುವಿನ ಮೇಲೆ, ಕಟ್ಟಪುಣಿಯಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು ನಿಲ್ಲುವುದು. ತೋಟದ ಯಜಮಾನರೊಬ್ಬರು ಕೇಳಿದರು: "ಇದನ್ನು ಕೊಂಡುಹೋಗಿ ಎಂತ ಮಾಡುವುದು ಸ್ವಾಮಿ?"

"ಸ್ಟಡಿ ಮಾಡುವುದು."

"ಹುಳ ಸ್ಟಡಿ ಮಾಡುವುದಾ, ನೀವಾ?"

ನಾನು ಗುಂಡಿಯಲ್ಲಿ ನಿಂತು ನಕ್ಕೆ. ಆ ನಗುವಿಗೆ ಅವರು ವಾರಗಟ್ಟಲೆ ನನ್ನ ಹತ್ತಿರ ಮಾತಾಡಲಿಲ್ಲ. ಬೇಕಾದ್ದನ್ನು ಸಿಸಿಲಿ ಬಾಯಿಗೆ ಹೇಳುವುದು, ಅವರು ನನಗೆ ಹೇಳುವುದು. ಮೂವರೂ ಇದ್ದದ್ದು ಒಂದೇ ಕೋಣೆಯಲ್ಲಿ.

ಅವರ ಕೈಯ ಬಗ್ಗೆ ಮಾತ್ರ ಸುಳ್ಳು ಬರೆಯಲಾರೆ. ಎರಡು ಸೂಜಿ ಹಿಡಿದು, ಒಂದು ತೊಟ್ಟು ಉಪ್ಪುನೀರಿನಲ್ಲಿ ಸಾಸಿವೆ ಗಾತ್ರದ ತಿಗಣೆಯ ಮೈ ಬಿಡಿಸಿ, ಅದರ ಕರುಳನ್ನು ಬಾಯಿಯಿಂದ ಬಾಲದವರೆಗೆ ತುಂಡಾಗದ ಹಾಗೆ ಎಳೆದು ಹಾಸುತ್ತಿದ್ದರು. ಕ್ವಾರಿಯಲ್ಲಿ ಒಳ್ಳೆಯ ಉಳಿ ಕೆಲಸದವರನ್ನು ಕಂಡವನು ನಾನು, ಪಳಗಿದ ಕೈ ಯಾವುದು ಎಂದು ನನಗೆ ಗೊತ್ತಾಗುತ್ತದೆ. ಅದು ಕೈಯೇ. ಕೆಲಸ ಮುಗಿದ ಮೇಲೆ ಮೊಣಕೈಯವರೆಗೆ ಮೂರು ಸಲ ಸಾಬೂನು ಹಾಕಿ ತೊಳೆಯುತ್ತಿದ್ದರು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡದೆ ಊಟಕ್ಕೆ ಕೂರುತ್ತಿರಲಿಲ್ಲವಂತೆ.

ಎಂಜಲು ಎಂದರೆ ಅವರಿಗೆ ಮೈಯೆಲ್ಲ ಉರಿ. ಅಂಚೆಚೀಟಿಗೆ ನಾಲಿಗೆ ತಾಗಿಸಬಾರದು, ಅದಕ್ಕೆಂದೇ ಮೇಜಿನ ಮೇಲೆ ಒದ್ದೆ ಸ್ಪಂಜು. ನನ್ನ ಚಾದ ಲೋಟ ಕಿಟಕಿಯ ಹೊರಗಿನ ಕಟ್ಟೆಯಲ್ಲಿ. ಸಿಸಿಲಿ ಬಾಯಿಯ ಲೋಟವೂ ಅಲ್ಲಿಯೇ, ನನ್ನದರ ಪಕ್ಕದಲ್ಲಿ. ಆದರೆ ಆಗೆಲ್ಲ ಔಷಧದ ನೀರನ್ನು ಗಾಜಿನ ಕೊಳವೆಯಲ್ಲಿ ಬಾಯಿಯಿಂದ ಎಳೆದು ಅಳೆಯುವುದು. ಹುಳದ ಕರುಳು ಅರೆದ ನೀರನ್ನೂ ಹಾಗೆಯೇ ಎಳೆಯಬೇಕು. ಅದನ್ನು ಎಳೆಯುವವನು ನಾನು. ಆ ಕೊಳವೆಗೆ ನನ್ನ ಬಾಯಿ ತಾಗಿದರೆ ಅದು ಎಂಜಲಲ್ಲ, ಅದು ವಿಜ್ಞಾನ.

ಪಾಠ ಹೇಳುವ ಉಮೇದು ಬಂದರೆ ಮಾತ್ರ ಬೇರೆಯೇ ಮನುಷ್ಯ. ಕೇಳಲು ಬೇರೆ ಯಾರೂ ಇಲ್ಲದಾಗ ನನಗೂ ಹೇಳುತ್ತಿದ್ದರು.

"ಗಿಡದ ರಸ ಅಂದರೆ ಗಂಜಿಯ ತಿಳಿ ಇದ್ದ ಹಾಗೆ ಮಾರಾಯ. ಕುಡಿಯಬಹುದು, ಅದರಿಂದ ಮೈ ಬೆಳೆಯುವುದಿಲ್ಲ. ಬೆಳೆಯಲಿಕ್ಕೆ ಬೇಕಾದ್ದನ್ನು ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಮಾಡಿಕೊಡ್ತದೆ. ಮೊದಲು ಅದು ಹೊರಗೆ, ಮಣ್ಣಿನಲ್ಲಿಯೋ ಎಲೆಯ ಮೇಲೆಯೋ ಸ್ವತಂತ್ರ ಇದ್ದದ್ದು. ಹುಳದ ಹೊಟ್ಟೆಗೆ ಹೋಯಿತು. ಅಲ್ಲಿ ಮನೆ ಸಿಕ್ಕಿತು, ಊಟ ಸಿಕ್ಕಿತು. ಲಕ್ಷ ಲಕ್ಷ ವರ್ಷ ಅಲ್ಲಿಯೇ ಇದ್ದು ಹೊರಗೆ ಬದುಕುವುದನ್ನೇ ಮರೆತುಬಿಟ್ಟಿತು. ಹುಳಕ್ಕೂ ಈಗ ಅದಿಲ್ಲದೆ ಆಗುವುದಿಲ್ಲ."

"ಹಾಗಾದರೆ ಅವರಲ್ಲಿ ಧಣಿ ಯಾರು, ಆಳು ಯಾರು ಸರ್?"

ಡಾಕ್ಟ್ರು ನಕ್ಕರು. ಮೂರು ವರ್ಷದಲ್ಲಿ ನನ್ನ ಮಾತಿಗೆ ಅವರು ನಕ್ಕದ್ದು ಅದೊಂದು ಸಲ.

ಇನ್ನು ಮೊಟ್ಟೆಯ ವಿಷಯಕ್ಕೆ ಬರುತ್ತೇನೆ.

ಎರಡನೆಯ ವರ್ಷದಿಂದ ಅವರಿಗೆ ಅವರೆ ಬಳ್ಳಿಯ ತಿಗಣೆಯ ಹುಚ್ಚು ಹಿಡಿಯಿತು. ಗುಂಡಗೆ, ಹಳದಿ ಹಸಿರು ಬಣ್ಣ, ಮುಟ್ಟಿದರೆ ನಾತ ಬಿಡುವ ತಿಗಣೆ. ಕುಕ್ಕುಂದೂರಿನ ನಮ್ಮ ಮನೆಯಲ್ಲಿ ಅಮ್ಮನ ಅವರೆ ಚಪ್ಪರದಲ್ಲಿ ಅದು ಧಾರಾಳ ಇತ್ತು, ನಾನೇ ತಂದುಕೊಡುತ್ತಿದ್ದೆ. ಇದರ ಹೊಟ್ಟೆಯಲ್ಲಿಯೂ ಬ್ಯಾಕ್ಟೀರಿಯಾ ಉಂಟು. ಹೊಸದಾಗಿ ಒಡೆದ ಮರಿಗೆ ಅದು ಎಲ್ಲಿಂದ ಬರುತ್ತದೆ ಎಂಬುದು ಪ್ರಶ್ನೆ. ತಾಯಿಯಿಂದಲೇ, ಮೊಟ್ಟೆಯ ಒಳಗೇ ಬರುತ್ತದೆ ಎಂದು ಡಾಕ್ಟ್ರ ನಿಶ್ಚಯ. ಅದನ್ನು ತೋರಿಸಿಕೊಡಲು ಮೊಟ್ಟೆಯ ಹೊರಗನ್ನು ಪೂರ್ತಿ ಶುದ್ಧ ಮಾಡಬೇಕು. ಆಮೇಲೂ ಮರಿಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಅದು ಒಳಗಿನಿಂದ ಬಂದದ್ದು ಎಂದಾಯಿತು. ಲೆಕ್ಕ ತಪ್ಪಲ್ಲ. ಲೆಕ್ಕ ಹಾಕಿದವರ ತಲೆ ತಪ್ಪು.

ಎಲೆಯ ಮೇಲೆ ಎರಡು ಸಾಲು ಮೊಟ್ಟೆ, ಸಾಲುಗಳ ಬುಡದಲ್ಲಿ ಗಸಗಸೆಗಿಂತ ಸಣ್ಣ ಕಂದು ಕಾಳುಗಳು.

"ಸರ್, ಇದು ಎಂತ?"

"ತಾಯಿಯ ಹೇಲು. ಎಲ್ಲ ತೆಗಿ."

"ಎಲ್ಲ ಮೊಟ್ಟೆಯಲ್ಲಿಯೂ ಉಂಟು ಸರ್. ಲೆಕ್ಕ ಮಾಡಿ ಇಟ್ಟ ಹಾಗೆ ಉಂಟು."

"ಹೇಲನ್ನು ಲೆಕ್ಕ ಮಾಡುವ ಕೆಲಸ ನಿನಗೆ ಕೊಟ್ಟದ್ದಾ? ತೆಗಿ, ತೊಳಿ. ಒಂದು ಚೂರು ಕೊಳೆ ಇರಬಾರದು."

ತೊಳೆದೆ. ನಾನು ತೊಳೆದದ್ದು ಹೇಗೆಂದು ಹೇಳುತ್ತೇನೆ. ಭೂತಗನ್ನಡಿ ಹಿಡಿದು, ಮೊಟ್ಟೆಗೆ ಗೀರು ಬೀಳದಂತೆ, ಸೂಜಿಯ ತುದಿಯಿಂದ ಒಂದೊಂದೇ ಕಾಳನ್ನು ಎಬ್ಬಿಸಿ ತೆಗೆದೆ. ಔಷಧದ ನೀರಿನಲ್ಲಿ ಅದ್ದಿದೆ, ಕುದಿಸಿ ತಣಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿದೆ. ಮೊಟ್ಟೆಗಳು ಮುತ್ತಿನ ಹಾಗೆ ಕಂಡವು. ಡಾಕ್ಟ್ರು ಕನ್ನಡಿಯಲ್ಲಿ ನೋಡಿ "ಹ್ಞೂಂ" ಎಂದರು. ಅವರ "ಹ್ಞೂಂ" ಎಂದರೆ ಬೇರೆಯವರ ಶಹಭಾಸ್.

ಮರಿಗಳು ಒಡೆದವು. ಒಡೆದು ಬಂದವು ಒಂದು ಕಡೆ ನಿಲ್ಲಲಿಲ್ಲ. ತಟ್ಟೆಯಲ್ಲಿ ಅತ್ತ ಇತ್ತ, ಏನೋ ಕಳೆದುಕೊಂಡವರ ಹಾಗೆ ಓಡಾಡಿದವು. ಎಳೆಯ ಅವರೆ ಚಿಗುರು ಇಟ್ಟರೂ ಅದರಲ್ಲಿ ಕೂರಲಿಲ್ಲ. ಕೆಲವೇ ದಿನದಲ್ಲಿ ಎಲ್ಲ ಸತ್ತವು.

ಎರಡನೆಯ ಸಲವೂ ಹಾಗೆಯೇ. ಆಗ ಡಾಕ್ಟ್ರು ನನ್ನ ಕೈ ಮೂಸಿದರು. ನಿಜವಾಗಿ ಮೂಸಿದರು, ಸಿಸಿಲಿ ಬಾಯಿಯ ಎದುರು.

"ಬೆಳಿಗ್ಗೆ ಎಂತ ತಿಂದದ್ದು?"

"ಗಂಜಿ ಸರ್."

"ಗಂಜಿಗೆ?"

"ಒಣ ಮೀನು ಸರ್, ಬಂಗುಡೆ."

"ಅದೇ! ಬಂಗುಡೆಯ ಕೈಯಲ್ಲಿ ನನ್ನ ಮೊಟ್ಟೆ ಮುಟ್ಟಿದ್ದೀಯಲ್ಲ ಮಾರಾಯ, ಮರಿ ಬದುಕುವುದು ಹೇಗೆ?"

ಸಿಸಿಲಿ ಬಾಯಿ ತಲೆ ಎತ್ತದೆ ಹೇಳಿದರು: "ಸರ್, ನಾನೂ ಬಂಗುಡೆ ತಿಂದೇ ಬಂದದ್ದು. ಟೈಪ್ ಮಾಡಿದ ಅಕ್ಷರ ಸತ್ತಿದೆಯಾ ನೋಡಿ."

ಅವರು ಕೇಳಿಸದವರ ಹಾಗೆ ಹೊರಗೆ ಹೋದರು. ಮೂರನೆಯ ಸಲಕ್ಕೆ ನಾನು ಮೀನು ಬಿಟ್ಟೆ, ಎಲೆ ಅಡಿಕೆ ಬಿಟ್ಟೆ, ಉಗುರನ್ನು ಮಾಂಸದವರೆಗೆ ಕತ್ತರಿಸಿಕೊಂಡೆ. ಇನ್ನೂ ಚೆನ್ನಾಗಿ ತೊಳೆದೆ. ಮರಿಗಳು ಇನ್ನೂ ಬೇಗ ಸತ್ತವು.

ನನ್ನ ಅಟೆಂಡರ್ ಕೆಲಸ ಮೂರನೆಯ ವರ್ಷ ಖಾಯಂ ಆಗುವುದಿತ್ತು. ಡಾಕ್ಟ್ರು ಸ್ಕೀಮಿನ ದೊಡ್ಡ ಆಫೀಸಿಗೆ ಒಂದು ಕಾಗದ ಬರೆದರೆ ಆಯಿತು ಎಂದು ಎಲ್ಲರೂ ಹೇಳಿದ್ದರು. ಅವರು ಬರೆದರು. ಅದು ಟಪಾಲಿಗೆ ಹೋದ ಮಾರನೆಯ ದಿನ ಸಿಸಿಲಿ ಬಾಯಿ ನನ್ನನ್ನು ಹೊರಗೆ ಕರೆದರು.

"ನಿಮ್ಮ ಬಗ್ಗೆ ನಾನೇ ಟೈಪ್ ಮಾಡಿದ್ದು ಮಾರಾಯ್ರೆ. ಹೇಳದೆ ಇರಲಿಕ್ಕೆ ನನಗೆ ಆಗುವುದಿಲ್ಲ."

"ಎಂತ ಉಂಟು ಅದರಲ್ಲಿ?"

"ಅಟೆಂಡರನಿಗೆ ಶುಚಿತ್ವ ಇಲ್ಲ, ಅವನ ಕೊಳಕು ಕೈಯಿಂದ ಮೂರು ಸಲ ಪ್ರಯೋಗ ಹಾಳಾಯಿತು, ಅಂತ."

"ಕೊಳಕು ಅಂತಲೇ ಉಂಟಾ?"

"ಇಂಗ್ಲಿಷಿನಲ್ಲಿ ಸ್ವಲ್ಪ ಚಂದ ಕೇಳ್ತದೆ. ಅರ್ಥ ಅದೇ."

ಸೋಮಾರಿ ಎಂದು ಬರೆದಿದ್ದರೆ ನಗುತ್ತಿದ್ದೆ. ದಡ್ಡ ಎಂದು ಬರೆದಿದ್ದರೆ ಸುಮ್ಮನಿರುತ್ತಿದ್ದೆ, ಶಾಲೆ ಬಿಟ್ಟವನಲ್ಲವೇ. ಕೊಳಕು ಕೈ ಎಂದು ಬರೆದರು. ನನ್ನಲ್ಲಿ ಇದ್ದದ್ದು ಆ ಎರಡು ಕೈ ಮಾತ್ರ.

ಭಾನುವಾರ ಊರಿಗೆ ಹೋದೆ. ಚಪ್ಪರದ ಕೆಳಗೆ ಭೂತಗನ್ನಡಿ ಹಿಡಿದು ಕೂತೆ. ತೊಳೆಯದ ಮೊಟ್ಟೆ ಏನು ಮಾಡುತ್ತದೆ ಎಂದು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಡಾಕ್ಟ್ರ ಕೋಣೆಯಲ್ಲಿ ತೊಳೆಯದ್ದು ಒಂದೂ ಇರಲಿಲ್ಲ. ಬೆಳಿಗ್ಗೆ ಹತ್ತರ ಬಿಸಿಲಿಗೆ ಒಂದು ಸಾಲು ಒಡೆಯಿತು. ಮರಿಗಳು ಓಡಲಿಲ್ಲ. ತಿರುಗಿ, ಆ ಕಂದು ಕಾಳುಗಳ ಸುತ್ತ ಗುಂಪು ಸೇರಿ, ಮೂತಿ ಚುಚ್ಚಿ ಹೀರತೊಡಗಿದವು. ಹೊಟ್ಟೆ ತುಂಬಿದ ಮೇಲೆ ಅಲ್ಲಿಯೇ ಪಕ್ಕದಲ್ಲಿ ಒತ್ತಿಕೊಂಡು ಸುಮ್ಮನೆ ಕೂತವು.

"ಅಮ್ಮಾ, ಇಲ್ಲಿ ನೋಡು. ಕೊಳೆ ತಿನ್ನುತ್ತಾ ಉಂಟು" ಎಂದು ಕರೆದೆ.

ಅಮ್ಮನಿಗೆ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ನಾನು ವಿವರಿಸಿದ್ದನ್ನು ಕೇಳಿ ತುಳುವಿನಲ್ಲಿ ಅವಳು ಹೇಳಿದ್ದು ಇಷ್ಟು: "ಕೊಳೆ ಎಂತದ್ದು? ತಾಯಿ ಬುತ್ತಿ ಕಟ್ಟಿಟ್ಟು ಹೋಗಿದ್ದಾಳೆ. ಮಕ್ಕಳು ಉಣ್ಣದೆ ಬಿಡ್ತಾವಾ?"

 ಆ ಬುತ್ತಿಯನ್ನು ಒಂದೊಂದೇ ಹೆಕ್ಕಿ ಎಸೆದವನು ನಾನು.

ಮೊಟ್ಟೆ ಇನ್ನೂ ಒಡೆಯದ ಒಂದು ಎಲೆಯ ಎರಡು ಸಾಲನ್ನು ಬೇರೆ ಮಾಡಿದೆ. ಒಂದನ್ನು ಡಾಕ್ಟ್ರ ಕ್ರಮದಲ್ಲಿ ತೊಳೆದೆ, ಒಂದನ್ನು ಹಾಗೆಯೇ ಬಿಟ್ಟೆ. ಎರಡು ಬಾಟಲಿ, ಒಂದೇ ಕಿಟಕಿ, ಒಂದೇ ಚಿಗುರು, ಮುಟ್ಟಿದ್ದೂ ಇದೇ ಕೈ. ಅದರ ಮೇಲೆ ಹಟಕ್ಕೆ ಬಂಗುಡೆಯನ್ನೂ ತಿಂದೆ. ತೊಳೆದವು ಓಡಾಡಿ ಸತ್ತವು. ತೊಳೆಯದವು ದಪ್ಪವಾಗಿ ಪೊರೆ ಬಿಟ್ಟವು. ಆ ದಿನ ಎರಡು ಬಾಟಲಿಯನ್ನೂ ಡಾಕ್ಟ್ರ ಮೇಜಿನ ಮೇಲೆ ಇಟ್ಟು ನಡೆದದ್ದನ್ನು ಹೇಳಿದೆ, ಅಮ್ಮನ ಮಾತನ್ನೂ ಹೇಳಿದೆ.

ಅವರು ಬಹಳ ಹೊತ್ತು ನೋಡಿದರು. ಒಂದು ಬದುಕಿದ ಮರಿ, ಒಂದು ಸಾಯುವ ಮರಿ ತೆಗೆದು ಕರುಳು ಬಿಡಿಸಿ ಸೂಕ್ಷ್ಮದರ್ಶಕಕ್ಕೆ ಇಟ್ಟರು. ಬದುಕಿದ್ದರಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿತ್ತು, ಇನ್ನೊಂದು ಖಾಲಿ. ನನಗೂ ಒಮ್ಮೆ ಇಣುಕಲು ಬಿಟ್ಟರು.

"ಅಂದರೆ ಆ ಬುತ್ತಿಯಲ್ಲಿ, ತಾಯಿಯಿಂದಲೇ ಬಂದದ್ದು ಸರ್, ತಂದೆಯದ್ದು ಏನೂ ಇಲ್ಲ" ಎಂದೆ. "ನಮ್ಮ ಬಳಿಯ ಹಾಗೆ." ನಮ್ಮ ತುಳುವರಲ್ಲಿ ಮಕ್ಕಳ ಬಳಿ, ಅಂದರೆ ಕುಲ, ಯಾವುದು ಎಂದರೆ ತಾಯಿಯ ಬಳಿ; ಅಳಿಯಸಂತಾನ ಅದು.

ಡಾಕ್ಟ್ರು ತಲೆ ಎತ್ತಿದರು. "ತಾಯಿಯಿಂದ ಬರ್ತದೆ ಅಂತ ನಾನು ಮೊದಲಿಂದ ಹೇಳಿದ್ದೇ ಅಲ್ವಾ?"

"ಒಳಗಿನಿಂದ ಅಂದದ್ದು ಸರ್ ನೀವು. ಇದನ್ನು ಹೇಲು ಅಂದದ್ದು."

"ಒಳಗೆ ಹೊರಗೆ ಎಲ್ಲ ನಿನಗೆ ಅರ್ಥ ಆಗುವುದಿಲ್ಲ ಮಾರಾಯ. ಹೋಗು, ಇನ್ನಷ್ಟು ಮೊಟ್ಟೆ ತಾ. ತೊಳಿಬೇಡ."

"ಸರ್, ಆ ಕಾಗದ..."

"ಯಾವ ಕಾಗದ?"

"ಕೈಯ ಬಗ್ಗೆ ಬರೆದದ್ದು."

ಅವರು ಸಿಸಿಲಿ ಬಾಯಿಯ ಕಡೆ ಒಮ್ಮೆ ನೋಡಿದರು. "ಬೇರೆ ಬರೀತೇನೆ" ಎಂದರು.

ಎಷ್ಟು ಸಲ ಕೇಳಿದೆನೋ ಅಷ್ಟು ಸಲ ಅದೇ ಉತ್ತರ. ನಾನು ಮೊಟ್ಟೆ ತಂದುಕೊಟ್ಟೆ, ಅವರ ಕೆಲಸ ಮುಗಿಯಿತು, ವರ್ಷ ಮುಗಿಯಿತು. ದೊಡ್ಡ ಆಫೀಸಿನಿಂದ ನನ್ನ ಸೇವೆ ಸಾಕು ಎಂದು ಬಂತು. ಕೊಳಕು ಕೈಯವನನ್ನು ಯಾರು ಖಾಯಂ ಮಾಡುತ್ತಾರೆ?

ಹೋಗುವ ಮೊದಲು ಅವರ ಭಾಷಣ ಕೇಳುವ ಭಾಗ್ಯವೂ ಸಿಕ್ಕಿತು. ಉಡುಪಿಯಲ್ಲಿ ಒಂದು ಸಭೆ. ಚಿತ್ರ ತೋರಿಸುವ ಪ್ರೊಜೆಕ್ಟರು ಹೊತ್ತುಕೊಂಡು ಹೋದವನು ನಾನು. ಡಾಕ್ಟ್ರು ಚಂದ ಮಾತಾಡಿದರು. "ತಾಯಿ ಮಕ್ಕಳಿಗೆ ಬುತ್ತಿ ಕಟ್ಟಿಟ್ಟು ಹೋಗುತ್ತಾಳೆ. ಆ ಬುತ್ತಿ ಲಕ್ಷ ವರ್ಷದಿಂದ ಕೈಯಿಂದ ಕೈಗೆ ಬಂದದ್ದು. ತುಳುನಾಡಿನ ತಿಗಣೆ ನೋಡಿ, ಇದರಲ್ಲಿಯೂ ಅಳಿಯಸಂತಾನ!" ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಯಾರೋ ಎದ್ದು, ಇದು ಹೇಗೆ ಹೊಳೆಯಿತು ಎಂದು ಕೇಳಿದರು. "ತಾಳ್ಮೆಯಿಂದ ನೋಡುವುದು" ಎಂದರು ಡಾಕ್ಟ್ರು. ನಾನು ದೀಪ ಆರಿಸಿ ಚಿತ್ರ ಬದಲಿಸಿದೆ. ಇಂಥ ತಿಗಣೆಯ ಸಂಗತಿ ಯಾವುದೋ ಪರದೇಶದ ಹಳೆಯ ಪುಸ್ತಕದಲ್ಲಿಯೂ ಉಂಟು ಎಂದು ಎಷ್ಟೋ ಕಾಲದ ಮೇಲೆ ಒಬ್ಬರು ನನಗೆ ಹೇಳಿದರು. ಇರಬಹುದು. ನಮ್ಮ ಅಮ್ಮ ಆ ಪುಸ್ತಕ ಓದಿರಲಿಲ್ಲ.

ಆಮೇಲೆ ಕಾರ್ಕಳದಲ್ಲಿ ಸಸಿ ಬೆಳೆಸುವ ಒಂದು ಕಡೆ ಕೆಲಸ ಕೇಳಿದೆ. ಹಿಂದಿನ ಜಾಗದ ಸರ್ಟಿಫಿಕೇಟು ಕೇಳಿದರು. ದೊಡ್ಡ ಆಫೀಸಿನಿಂದ ಬಂದದ್ದು ಅದೇ ಕೊಳಕು ಕೈಯ ಸಾಲು. ಮತ್ತೊಂದು ಕಡೆಯೂ ಅದೇ ಸಾಲು. ಮೂರನೆಯ ಕಡೆ ನಾನು ಕೇಳಲು ಹೋಗಲಿಲ್ಲ. ಸಂತೆಕಟ್ಟೆಯಲ್ಲಿ ಗೇಣಿಗೆ ಜಾಗ ಹಿಡಿದು ಸ್ವಂತ ನರ್ಸರಿ ಹಾಕಿದೆ. ಇವತ್ತು ನನ್ನ ಕೈಯ ಕಸಿ ಹತ್ತಲಿಲ್ಲ ಎಂದು ಹೇಳುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ನನಗೆ ಯಾರ ಸರ್ಟಿಫಿಕೇಟೂ ಬೇಡ.

ಆದರೂ ಡಾಕ್ಟ್ರು ರಿಟೈರಾದ ಮೇಲೆ ಒಂದು ದಿನ, ಮಧ್ಯಾಹ್ನಕ್ಕೆ ಮೊದಲು, ಉಡುಪಿಯ ಅವರ ಮನೆಗೆ ಹೋದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಗುರುತು ಹಿಡಿದರು. ಕೂರು ಎಂದರು. ನರ್ಸರಿಯ ಬಗ್ಗೆ ಕೇಳಿದರು.

"ನಾನು ಬಂದದ್ದು ಆ ಕಾಗದಕ್ಕೆ ಸರ್."

"ಅದು ಈಗ ಎಂತಕ್ಕೆ ಮಾರಾಯ? ನೀನೇ ಧಣಿ ಆಗಿದ್ದೀ."

"ತಪ್ಪು ಬರೆದದ್ದು ಅಂತ ಒಂದು ಸಾಲು ಬರೆಯಿರಿ. ನಾನೇ ಕೊಂಡುಹೋಗಿ ಕೊಡ್ತೇನೆ."

ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು. "ಮರಿ ಸತ್ತದ್ದು ನಿನ್ನ ಕೈಯಿಂದ ಅಲ್ಲ ಅಂತ ಬರೆದರೆ ಯಾರಿಂದ ಅಂತ ಬರೀಬೇಕಾಗ್ತದೆ. ತೊಳೆಯಲಿಕ್ಕೆ ಹೇಳಿದವರು ಯಾರು ಅಂತ ಬರ್ತದೆ. ಅದು ಆಗುವ ಕೆಲಸ ಅಲ್ಲ."

ಅಲ್ಲಿಯವರೆಗೆ ನಾನು, ಅವರಿಗೆ ಮರೆತಿರಬಹುದು, ಅರ್ಥವಾಗದೆ ಇರಬಹುದು ಎಂದುಕೊಂಡಿದ್ದೆ. ಎಲ್ಲ ಗೊತ್ತಿತ್ತು. ಎರಡು ಬಾಟಲಿ ನೋಡಿದ ದಿನವೇ ಗೊತ್ತಿತ್ತು.

"ಹಾಗಾದರೆ ಬರೆಯುವುದು ಬೇಡ. ಬಾಯಿಯಲ್ಲಿ ಹೇಳಿ. ಇಲ್ಲಿ ಬೇರೆ ಯಾರೂ ಇಲ್ಲ."

"ಎಂತ ಹೇಳುವುದು?"

"ನಿನ್ನ ಕೈ ಕೊಳಕಾಗಿರಲಿಲ್ಲ ಅಂತ."

ಡಾಕ್ಟ್ರು ಒಳಬಾಗಿಲ ಕಡೆ ನೋಡಿದರು. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಎದ್ದು, ಕನ್ನಡಕವನ್ನು ಡಬ್ಬಿಗೆ ಹಾಕಿ, "ನನಗೆ ಸ್ನಾನದ ಹೊತ್ತಾಯಿತು" ಎಂದು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕೂತಿದ್ದೆ. ಬಾವಿಯಿಂದ ನೀರು ಸೇದುವುದು, ಸುರಿದುಕೊಳ್ಳುವುದು ಕೇಳಿತು. ಎದ್ದು ಬಂದೆ. ಮತ್ತೆ ಅವರನ್ನು ನೋಡಲಿಲ್ಲ, ನೋಡಬೇಕೆಂದು ಅನ್ನಿಸಲೂ ಇಲ್ಲ.

ಈ ಪುಸ್ತಕದಲ್ಲಿ ಅವರ ಶಿಷ್ಯರು ತಿಗಣೆಯ ಬುತ್ತಿಯ ಬಗ್ಗೆ ಬರೆಯದೆ ಇರುವುದಿಲ್ಲ, ಅವರ ತಾಳ್ಮೆಯ ಬಗ್ಗೆಯೂ ಬರೆಯುತ್ತಾರೆ. ನಾನು ಬರೆಯಬೇಕಾದದ್ದು ಡಾಕ್ಟ್ರು ಬರೆಯದೆ ಹೋದ ಸಾಲು. ಮೊಟ್ಟೆ ತೊಳೆಯಲು ಹೇಳಿದ್ದು ಅವರು. ತೊಳೆದದ್ದು ನಾನು, ಒಂದು ಚೂರೂ ಕೊಳೆ ಉಳಿಯದ ಹಾಗೆ. ಮರಿಗಳು ಸತ್ತದ್ದು ಅದರಿಂದ.